ಗವರ್ನರರ ಖಾಲಿ ತೋಳು

ಅಮ್ಮಾ,

ಇವತ್ತು ಕೋರ್ಟಿನ ಮುಂದೆ ಗವರ್ನರ್ ಹಾರ್ಲೆಸ್‌ರ ಕಂಚಿನ ಪ್ರತಿಮೆ ಅನಾವರಣವಾಯಿತು. ನಮ್ಮ ಕರಿಯ ಜನರನ್ನು ಗುಲಾಮರಾಗಿಯೇ ಉಳಿಸಿಕೊಳ್ಳಲು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯ ಸೇರಿ ಹೋರಾಡಿ ಕೈ ಕಳೆದುಕೊಂಡವರು. ಅವರ ಕೋಟಿನ ಖಾಲಿ ತೋಳನ್ನು ಮೂವತ್ತು ವರ್ಷ ದಿನಾ ಮಡಚಿ ಪಿನ್ನು ಹಾಕಿದವಳು ನೀನು.

ಹೋದ ವರ್ಷ ಶಿಲ್ಪಿಗೆ ಆ ತೋಳಿನ ಮಡಿಕೆ ಹೇಗೆಂದು ತಿಳಿಯದೆ ಪ್ರತಿಮೆಯ ಕೆಲಸ ನಿಂತಿತ್ತು. ಗವರ್ನರರ ಮಗಳು ಮಿಸ್ ಯೂಜೀನಿಯಾ ನನ್ನನ್ನು ಕರೆಸಿ, "ನಂಗೂ ಗೊತ್ತಿಲ್ಲ ಕಣೇ, ನೀನೇ ತೋರ್ಸು" ಅಂದರು. ಗವರ್ನರರ ಹಳೇ ಕೋಟಿನ ತೋಳನ್ನು ಎರಡು ಸಲ ಒಳಗೆ ಮಡಚಿ, ಪಿನ್ನು ಕಾಣದಂತೆ ಸಿಕ್ಕಿಸಿದೆ.

"ಯಾರು ಕಲ್ಸಿದ್ದು?" ಅಂದ ಶಿಲ್ಪಿ.

"ನಮ್ಮಮ್ಮ" ಅಂದೆ, ತಲೆಯೆತ್ತಿ.

ಇವತ್ತು ನಮ್ಮವರನ್ನು ದೂರ ಇಡಲು ಕಟ್ಟಿದ್ದ ಹಗ್ಗದಾಚೆ ನಿಂತು ಆ ತೋಳನ್ನೇ ನೋಡಿದೆ. ಒಂದೂ ಸುಕ್ಕಿಲ್ಲ.

ನೀನು ಜ್ವರದಲ್ಲಿ ಮಲಗಿ, "ಇವತ್ತೊಂದಿನ ನೀನ್ ಹೋಗೇ" ಅಂದಾಗ, "ಆ ತೋಳು ನಾನ್ ಮುಟ್ಟಲ್ಲ" ಅಂದಿದ್ದೆ. ನೀನೇ ಎದ್ದು ಹೋದೆ. ಅದೇ ವಾರ ತೀರಿಕೊಂಡೆ.

ಕಡೆಗೂ ಮುಟ್ಟಿದೆನಮ್ಮಾ, ನಿನ್ನ ಮಡಿಕೆ ಕೆಡಬಾರದು ಅಂತ.