ಮೂರನೇ ಕಂಬ

ಮನೆಯ ಮುಂದಿನ ಕೋಣೆ, ಹೊಲಿಗೆ ಮೆಷಿನ್ನಿನ ಪಕ್ಕದಿಂದ
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ತಮ್ಮಾ,

ಪ್ರೀತಿಯ ಎಂದು ಬರೆದದ್ದು ಕೈಯ ಅಭ್ಯಾಸ, ಹಿಗ್ಗಬೇಡ. ಹೇಗಿದ್ದೀಯ? ಆ ಧೂಳು ಕುಡಿದು ಹತ್ತಿಸಿಕೊಂಡ ಕೆಮ್ಮು ಹೋಯಿತೇ? ಊಟ, ನಿದ್ದೆ ಸರಿಯಾಗಿದೆಯೇ? ಸರಿಯಾಗಿದ್ದರೆ ನನ್ನ ಹೊಟ್ಟೆ ಉರಿಯುತ್ತದೆ, ಸರಿಯಿಲ್ಲದಿದ್ದರೆ ಅಕ್ಕನಾಗಿ ಹುಟ್ಟಿದ ತಪ್ಪಿಗೆ ಕರುಳು ಚುರ್ ಅನ್ನುತ್ತದೆ. ಎರಡೂ ನನಗೇ ನಷ್ಟ. ಇಲ್ಲಿ ಅಮ್ಮನ ಮೊಣಕಾಲಿನ ಊತ ಇನ್ನೂ ಇಳಿದಿಲ್ಲ, ಗೋಡೆ ಹಿಡಿದುಕೊಂಡೇ ಓಡಾಡುತ್ತಾಳೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ "ಮೀಟಿಂಗಲ್ಲಿದೀನಿ ಅಕ್ಕ" ಅನ್ನುತ್ತೀಯ. ಪತ್ರಕ್ಕೆ ಆ ಕಾಟವಿಲ್ಲ. ಕೂತು ಪೂರ್ತಿ ಓದು.

ಹೋದ ವರ್ಷ ರಜೆಗೆ ಬಂದಾಗ ನಿನ್ನ ಲೇಸರ್ ಯಂತ್ರದ ಬಗ್ಗೆ ಅಪ್ಪನ ಎದುರು ಎಷ್ಟು ಕೊಚ್ಚಿಕೊಂಡಿದ್ದೆ, ನೆನಪಿದೆಯೇ? ಮುಕ್ಕಾಲಿಯ ಮೇಲೆ ಅದು ಒಂದು ಸುತ್ತು ಸುತ್ತಿದರೆ ಸಾಕು, ಸುತ್ತಲಿನದೆಲ್ಲ ಅಳತೆ ಸಮೇತ ಚುಕ್ಕೆ ಚುಕ್ಕೆಯಾಗಿ ಮೂಡುತ್ತದೆ ಎಂದೆ. ಅಲ್ಲಾಡದೆ ಇರುವುದು ಉಳಿಯುತ್ತದೆ, ಅಲ್ಲಾಡಿದ್ದು ಬರೀ ಗೀಚು, ಅದನ್ನು ನಾವು ಕಸ ಅಂತೀವಿ, ಆಮೇಲೆ ಅಳಿಸಿಹಾಕ್ತೀವಿ ಎಂದೆ. ಅಪ್ಪ ನಕ್ಕು, "ಹಂಗಾದ್ರೆ ನಿಮ್ಮಮ್ಮನ್ನ ಕಸ ಅಂತ ಅಳಿಸೇಬಿಡ್ತೀಯ ಬಿಡು, ಅವಳು ಒಂದು ನಿಮಿಷ ನಿಂತಲ್ಲಿ ನಿಂತಿದ್ದನ್ನ ನಾನಂತೂ ಕಂಡಿಲ್ಲ" ಅಂದಿದ್ದರು. ಅಮ್ಮ ಸೌಟು ಹಿಡಿದುಕೊಂಡೇ ಅಟ್ಟಿಸಿಕೊಂಡು ಬಂದಿದ್ದಳು.

ಆಮೇಲೆ ಪ್ರೆಸ್ಸಿನ ಮೂರಂತಸ್ತು ಕುಸಿಯಿತು. ಬೈಂಡಿಂಗ್ ಮೇಸ್ತ್ರಿಯಾದ ನಮ್ಮಪ್ಪ ಅದರಡಿ ಸಿಕ್ಕಿಕೊಂಡರು. ಮರುದಿನ ನಿನ್ನ ಕಂಪನಿ ಅದೇ ಯಂತ್ರ ಕೊಟ್ಟು ನಿನ್ನನ್ನೇ ಅಲ್ಲಿಗೆ ಕಳಿಸಿತು. ಒಳಗಿರುವುದು ನನ್ನಪ್ಪ ಎಂದು ನೀನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ವಾಪಸ್ ಕಳಿಸಿಬಿಡುತ್ತಿದ್ದರು ಅಂದೆ. ಅದಕ್ಕೇ ಮನೆಗೂ ಬರಲಿಲ್ಲ. ಆಯಿತು, ಅದನ್ನು ನುಂಗಿಕೊಂಡೆ. ಅವಶೇಷದೊಳಗೆ ಎಲ್ಲಿ ಪೊಳ್ಳಿದೆ ಎಂದು ನಿನ್ನ ನಕ್ಷೆ ನೋಡಿಯೇ ಅಪ್ಪನನ್ನು ತೆಗೆದರು, ಅಷ್ಟರಲ್ಲಿ ಜೀವ ಹೋಗಿತ್ತು, ತಡವಾಗಿದ್ದು ನಿನ್ನ ತಪ್ಪಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಅಮ್ಮ? ಕಾವಲಿನವನು ಪರಿಚಯದವನೆಂದು ಅವಳನ್ನು ಹಗ್ಗದೊಳಗೆ ಬಿಟ್ಟಿದ್ದ. ಯಾರೋ ಹೊದಿಸಿದ ಬೂದು ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡು, ಅಪ್ಪನಿಗೆಂದು ಬಿಸಿನೀರು ತುಂಬಿದ ಫ್ಲಾಸ್ಕಿನ ಚೀಲ ತೋಳಿಗೆ ಹಾಕಿಕೊಂಡು, ಇಡೀ ದಿನ ಅಲ್ಲೇ ನಿಂತಿದ್ದಳು. ನೀನು ಪರದೆಗೆ ಮೂಗು ತೂರಿಸಿಕೊಂಡು ಅವಳ ಮುಂದೆಯೇ ಆರು ಸಲ ಓಡಾಡಿದೆಯಂತೆ. ಒಂದು ಸಲವಾದರೂ ತಲೆ ಎತ್ತಲಿಲ್ಲವಲ್ಲೋ!

ಹೋಗಲಿ, ಅದೂ ಹಳೇ ಮಾತು. ಹೊಸದು ಕೇಳು. ನಿನ್ನ ಕಂಪನಿಯವರು ಆ ಚುಕ್ಕೆಗಳ ಚಿತ್ರವನ್ನು ತಮ್ಮ ಯಂತ್ರದ ಜಾಹೀರಾತಿಗೆಂದು ಇಂಟರ್‌ನೆಟ್ಟಿಗೆ ಏರಿಸಿದ್ದಾರೆ. ಔಷಧಿ ಅಂಗಡಿಯವನು ಮೊಬೈಲಿನಲ್ಲಿ ತೋರಿಸಿದ. ಬೆರಳಲ್ಲಿ ತಿರುಗಿಸಿದರೆ ತಿರುಗುತ್ತದೆ, ಬೆರಳು ಅಗಲಿಸಿದರೆ ದೊಡ್ಡದಾಗುತ್ತದೆ. ಅಪ್ಪನ ಮೇಜು, ಮೇಜಿನ ಮೇಲೆ ಅಪ್ಪನ ಕನ್ನಡಕದ ಡಬ್ಬಿ. "ಏನ್ ಕ್ಲಿಯರ್ ಇದೆ ನೋಡಿ" ಎಂದ, ಪುಣ್ಯಾತ್ಮ. ಮಾತ್ರೆ ತೆಗೆದುಕೊಳ್ಳದೆ ಬಂದುಬಿಟ್ಟೆ. ಸತ್ತವರ ಏಳೂ ಮನೆಯವರು ಸೇರಿ, ಇದನ್ನು ಅಳಿಸಿಹಾಕಿ ಎಂದು ಅರ್ಜಿ ಬರೆದೆವು. ಮೊದಲ ಸಹಿ ನನ್ನದು. ಕಂಪನಿಯವರ ಉತ್ತರ ನಿನ್ನೆ ಬಂತು: ಸಾರ್ವಜನಿಕರ ಭಾವನೆಗಳನ್ನು ಗೌರವಿಸಿ ಶನಿವಾರದೊಳಗೆ ಮೂಲ ಸಮೇತ ಅಳಿಸುತ್ತೇವೆ. ಭಾವನೆ ಅಂತೆ! ಕಂಪನಿಗೆ ಈಗ ನೆನಪಾಯಿತು.

ಅಳಿಸಿದರೂ ಆಗಬೇಕಾದ ಹಾನಿ ಆಗಿಹೋಗಿದೆ. ನಿನ್ನ ಚಿತ್ರವನ್ನೇ ಹಿಡಿದುಕೊಂಡು ಪ್ರೆಸ್ಸಿನ ಮಾಲೀಕ ವಿಚಾರಣೆಯಲ್ಲಿ ಅಪ್ಪನ ತಲೆ ಮೇಲೆ ಗೂಬೆ ಕೂರಿಸಿದ್ದಾನೆ. ಚಿತ್ರವಿರುವ ವರದಿಯ ಆ ಪುಟವನ್ನು ಪತ್ರದ ಜೊತೆ ಇಡುತ್ತಿದ್ದೇನೆ, ಕೆಂಪು ವೃತ್ತ ನೋಡು. ಪೂರ್ವದ ಸಾಲಿನ ಮೂರನೇ ಕಂಬ ಐದಡಿ ಎರಡಂಗುಲದವರೆಗೆ ಗಟ್ಟಿಯಾಗಿ ನಿಂತಿದೆಯಂತೆ, ಎಡಗಡೆ ಮಾತ್ರ ಸ್ವಲ್ಪ ಸೀಳಿ ಉಬ್ಬಿದೆಯಂತೆ. ಅಂದರೆ ಕಂಬಗಳಲ್ಲಿ ದೋಷವಿರಲಿಲ್ಲ, ಮೇಸ್ತ್ರಿ ಮೇಲಂತಸ್ತಿನಲ್ಲಿ ಮಿತಿ ಮೀರಿ ಕಾಗದ ಪೇರಿಸಿದ್ದೇ ಕಾರಣ, ಅಂತ. ನಮ್ಮಪ್ಪನೇ? ಎದೆಮಟ್ಟ ದಾಟಿ ಒಂದು ಕಟ್ಟು ಇಟ್ಟರೂ ಇಳಿಸುತ್ತಿದ್ದ ಮನುಷ್ಯ! ಆರು ಜನರನ್ನು ಕೊಂದ ಮೇಸ್ತ್ರಿ ಅನ್ನಿಸಿಕೊಂಡು ಹೋಗಬೇಕೇ? ಬೀದಿಯಲ್ಲಿ ಆಗಲೇ ಕೆಲವರು ಅಮ್ಮನನ್ನು ಕಂಡರೆ ಆ ಕಡೆ ದಾಟುತ್ತಿದ್ದಾರೆ. ನಿನ್ನನ್ನು ಕೇಳಿದರೆ ಒಂದೇ ಪಲ್ಲವಿ, "ಯಂತ್ರ ಸುಳ್ಳು ಹೇಳಲ್ಲ ಅಕ್ಕ." ಹಾಗಿದ್ದರೆ ಅಪ್ಪ ಸುಳ್ಳೇ? ಆ ಕಂಬದ ಅಳತೆ ನಿನ್ನ ಕೈಯಿಂದ ಹೋಗಿದ್ದು. ನನ್ನ ಕೈಯಲ್ಲಿ ಬ್ಲೌಸಿನ ತೋಳು ಅರ್ಧ ಅಂಗುಲ ತಪ್ಪಿದರೆ ನಾನು ಪೂರ್ತಿ ಬಿಚ್ಚಿ ಹೊಲಿಯುತ್ತೇನೆ. ನಿನಗೆ ಅಷ್ಟು ಮಾನವೂ ಇಲ್ಲವೇ?

ಬರೆಯಲು ಇನ್ನೇನೂ ಇಲ್ಲ. ಕೆಮ್ಮಿಗೆ ಬಿಸಿನೀರು ಕುಡಿ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳ ಮೇಲೆ ನನಗೆ ಕೋಪವಿಲ್ಲ. ನೀನು ಚೆನ್ನಾಗಿರು, ನನ್ನ ಕಣ್ಣಿಗೆ ಮಾತ್ರ ಸದ್ಯಕ್ಕೆ ಬೀಳಬೇಡ.

ಇಂತಿ,
ಬಿಟ್ಟರೂ ಬಿಡದ ನಿನ್ನ ಅಕ್ಕ

ಮರೆತೆ, ಅಲ್ಲ, ಮರೆತದ್ದಲ್ಲ, ಈಗಷ್ಟೇ ಆದದ್ದು: ಕವರಿಗೆ ಅಂಟು ಹಚ್ಚುವಾಗ ಅಮ್ಮ ಬಂದಳು. ಆ ಚಿತ್ರವನ್ನು ಅವಳಿಂದ ಇಷ್ಟು ದಿನ ಬಚ್ಚಿಟ್ಟಿದ್ದೆ, ಇವತ್ತು ಮೇಜಿನ ಮೇಲೇ ಬಿಟ್ಟಿದ್ದೆ. ಕೆಂಪು ವೃತ್ತದ ಮೇಲೆ ಬೆರಳಿಟ್ಟು, "ಏ, ಇದು ನಾನೇ ಕಣೇ" ಅಂದಳು. ಸೀಳಿ ಉಬ್ಬಿದೆ ಅನ್ನುತ್ತಾರಲ್ಲ, ಅದು ಫ್ಲಾಸ್ಕಿನ ಚೀಲ. ನನಗೆ ನಂಬಿಕೆ ಬರದೆ ಆ ಕಂಬಳಿ ಹೊದಿಸಿ, ಚಪ್ಪಲಿ ಹಾಕಿಸಿ, ಬಾಗಿಲಿಗೆ ನಿಲ್ಲಿಸಿ ನನ್ನ ಟೇಪಿನಲ್ಲೇ ಅಳೆದೆ. ಐದಡಿ ಎರಡಂಗುಲ. ಅಂದರೆ ಅಲ್ಲಿ ಕಂಬವೇ ಉಳಿದಿರಲಿಲ್ಲ. ಅಷ್ಟು ಹೊತ್ತು ಹೇಗಮ್ಮಾ ಅಲ್ಲಾಡದೆ ನಿಂತೆ ಎಂದು ಕೇಳಿದೆ. "ಅವನು ಕಾಣ್ತಿದ್ನಲ್ಲ. ಅಲ್ಲಾಡಿದ್ರೆ ಅವನ ಯಂತ್ರಕ್ಕೆ ಕಸ ಆಗುತ್ತೆ ಅಂದಿದ್ದ, ಅದಕ್ಕೇ ನಿಂತೆ" ಅಂದಳು. ಅರ್ಜಿಯಿಂದ ನನ್ನ ಸಹಿ ಹೊಡೆದುಹಾಕುತ್ತೇನೆ, ಉಳಿದ ಆರು ಮನೆಗೂ ಈಗಲೇ ಹೋಗುತ್ತೇನೆ. ಇದು ಕೊರಿಯರಿನಲ್ಲಿ ನಾಳೆಯೇ ನಿನ್ನ ಕೈ ಸೇರುತ್ತದೆ, ಮೂಲವನ್ನು ಅಳಿಸಲು ಬಿಡಬೇಡ, ಯಾರ ಕಾಲಾದರೂ ಹಿಡಿ. ಸೋಮವಾರ ಹತ್ತೂವರೆಗೆ ವಿಚಾರಣೆ. ಎಲ್ಲರ ಮುಂದೆ ಎದ್ದು ನಿಂತು ಹೇಳು, ಅದು ಕಂಬ ಅಲ್ಲ, ನಮ್ಮಮ್ಮ ಅಂತ.