ಮೊದಲ ಲೋಟ

ಕ್ರಿ.ಶ. ೨೧೯೧, ಫೆಬ್ರವರಿ ಮೂವತ್ತು

ನಮಗಿಂತ ಹಿಂದಿನ ಕಾಲದಲ್ಲಿ ಮಕ್ಕಳನ್ನು ಪರೀಕ್ಷೆಗೆ ಕೂರಿಸುತ್ತಿರುವ ನಿಮಗೆ ನೀಲವ್ವನ ನಮಸ್ಕಾರ. ತಾರೀಖು ತಪ್ಪಲ್ಲ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ಐದನೆಯ ತರಗತಿವರೆಗೆ ಓದಿದವಳು, ಹೊರಗಿನವರೊಡನೆ ಮಾತಾಡಲು ನಾಚುವವಳು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ನಮ್ಮ ಪರೀಕ್ಷೆಗೆ ‘ಲೋಟದ ದಿನ’ ಎನ್ನುತ್ತೇವೆ. ಇಲ್ಲಿ ಬಾವಿಗಳ ನೀರು ಕೆಟ್ಟಿರುವುದರಿಂದ ಮಕ್ಕಳೆಲ್ಲ ಅದನ್ನು ಶುದ್ಧಮಾಡಲು ಕಲಿಯುತ್ತಾರೆ. ಆ ದಿನ ಪ್ರತಿಯೊಬ್ಬರೂ ತಮ್ಮ ಓಣಿಯ ಬಾವಿಯ ನೀರು ತಂದು, ಮರಳು ಇದ್ದಿಲಿನಲ್ಲಿ ಸೋಸಿ, ‘ತಿಳಿಪುಡಿ’ ಎಂಬ ಮದ್ದು ಬೆರೆಸುತ್ತಾರೆ. ಪುಡಿಯ ಲೆಕ್ಕ ಒಂದೊಂದು ಬಾವಿಗೆ ಒಂದೊಂದು. ಮೊದಲ ಲೋಟವನ್ನು ಕುಡಿಯುವವರು ಆ ಮಗುವಿನ ಮನೆಯವರೇ. ಲೆಕ್ಕ ಬಾರದ ಮಕ್ಕಳು ಬರುವುದಿಲ್ಲ ಎಂದು ಹೇಳಿ ಮತ್ತೆ ಕಲಿಯುತ್ತಾರೆ. ಹೀಗಾಗಿ ನಕಲು ಮಾಡುವುದು ಯಾರಿಗೂ ಹೊಳೆದಿರಲಿಲ್ಲ.

ಈ ವರ್ಷ ಶಾಲೆಯ ಹೊಸ ಹಿರಿಯರು ನಿಮ್ಮ ಕಾಲದ ರೂಢಿಯೊಂದನ್ನು ಮೆಚ್ಚಿ, ಮೊದಲು ಮುಗಿಸಿದವರ ಹೆಸರನ್ನು ಶಾಲೆಯ ಬಾಗಿಲ ಮೇಲೆ ಬರೆಸುವುದಾಗಿ ಸಾರಿದರು. ಅಂದಿನಿಂದ ನಮ್ಮವ್ವ ಊಟಕ್ಕೆ ಬಡಿಸುವಾಗಲೂ ಆ ಬಾಗಿಲಿನ ಮಾತನ್ನೇ ಆಡಿದಳು. ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಬಿಟ್ಟರು. ನನ್ನ ತಮ್ಮ ರೇವಣ್ಣನಿಗೆ ಪುಡಿಯ ಲೆಕ್ಕ ಬಂದಿರಲಿಲ್ಲ. ಲೋಟದ ದಿನ, ಪಕ್ಕದಲ್ಲಿ ಕುಳಿತಿದ್ದ ಬೇರೆ ಓಣಿಯ ಹುಡುಗಿ ತನ್ನ ಬಾವಿಯ ನೀರಿಗೆ ಹಾಕಿದಷ್ಟನ್ನೇ ಕದ್ದು ನೋಡಿ ನಮ್ಮ ನೀರಿಗೂ ಹಾಕಿದ. ಪುಡಿ ಹೆಚ್ಚಾದರೆ ಮುದುಕರ ಕರುಳು ಸುಡುತ್ತದೆ. ಅದು ಗೊತ್ತಿದ್ದೂ, ಬಾಗಿಲಿನ ಆಸೆಗೆ ಮುಗಿಯಿತೆಂದು ಎಲ್ಲರಿಗಿಂತ ಮೊದಲು ಕೈಯೆತ್ತಿದ.

ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತೇವೆ, ಹೆಮ್ಮೆಯಿಂದ ಬಂದು ಲೋಟ ಎತ್ತಿದಳು. ಅದು ತುಟಿಗೆ ತಾಗುವಷ್ಟರಲ್ಲಿ ರೇವಣ್ಣ ಅವಳ ಕೈ ಹಿಡಿದ.

“ಕುಡೀಬ್ಯಾಡ ಆಯಿ. ನಾ ಬಾಜೂಕಿನಾಕಿದ್ದು ನೋಡಿ ಹಾಕೀನಿ. ನನಗ ಲೆಕ್ಕ ಬರೂದಿಲ್ಲ.”

ಅವ್ವ ತಲೆ ತಗ್ಗಿಸಿದಳು. ಆಯಿ ಲೋಟವನ್ನು ನೆಲಕ್ಕೆ ಬಗ್ಗಿಸಿದಳು.

“ಇರಲಿ ಬಿಡಪಾ, ನನಗೂ ಅಷ್ಟೇನ ನೀರಡಿಕಿ ಆಗಿದ್ದಿಲ್ಲ.”

ಅಂಗಳವೆಲ್ಲ ನಕ್ಕಿತು. ಆ ನಗೆಯ ನಡುವೆಯೇ ಇನ್ನಿಬ್ಬರು ಮಕ್ಕಳು ತಮ್ಮ ಲೋಟಗಳನ್ನೂ ಚೆಲ್ಲಿದರು. ಹಿರಿಯರು ಅದನ್ನು ನೋಡಿ, ಹೆಸರು ಬರೆಸಲು ತರಿಸಿದ್ದ ಬಣ್ಣದ ಡಬ್ಬಿಯನ್ನು ತಾವೇ ಒಳಗೆ ಒಯ್ದರು. ಪಕ್ಕದ ಹುಡುಗಿ ಈಗ ರೇವಣ್ಣನಿಗೆ ಲೆಕ್ಕ ಕಲಿಸುತ್ತಿದ್ದಾಳೆ, ತಪ್ಪಿದಾಗಲೆಲ್ಲ ಚಮಚದಿಂದ ಕೈಗೆ ಬಡಿಯುತ್ತಾಳೆ.

ನಮ್ಮ ಮಕ್ಕಳು ನಿಮ್ಮವರಿಗಿಂತ ಒಳ್ಳೆಯವರೇನಲ್ಲ. ಅವರನ್ನು ಕೆಡಿಸಲು ಒಂದು ಬಾಗಿಲು ಸಾಕಾಯಿತು. ನಿಮ್ಮಲ್ಲಿ ಒಂದು ಮಗು ತನಗೆ ಬರುವುದಿಲ್ಲ ಎಂದರೆ ದಯವಿಟ್ಟು ಹೊರಗೆ ಕಳಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸಪ್ಪಳ ಕೇಳುತ್ತ ಇದನ್ನು ಮುಗಿಸುತ್ತಿದ್ದೇನೆ.