ಏಳನೆಯ ಪುಟದ ಗುಬ್ಬಚ್ಚಿ

ಮಾರ್ಚ್ ೧೪, ಗುರುವಾರ.

೧. ನಾನೀಗ ಪಾಠ ಹೇಳುವ ವಿಭಾಗಕ್ಕೆ ಬಂದ ಸಂಶೋಧನಾರ್ಥಿಗಳ ಅರ್ಜಿಗಳಲ್ಲಿ ಒಂದು, ಒಂಬತ್ತು ವರ್ಷಗಳ ಹಿಂದೆ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ನನ್ನ ಸಹಾಯಕನಾಗಿದ್ದವನದು.

೨. ಕಂಪ್ಯೂಟರ್ ಭದ್ರತೆಯಲ್ಲಿ ಅವನ ಸ್ನಾತಕೋತ್ತರ ಪದವಿ, ಎರಡು ಕಂಪನಿಗಳ ಅನುಭವ, ಇವೆಲ್ಲ ನಿಜ.

೩. ರೋಗಿಗಳ ದಾಖಲೆ ಸೋರುತ್ತಿದ್ದ ಲೋಪವನ್ನು ತಾನೇ ಪತ್ತೆಹಚ್ಚಿದೆನೆಂದು ಅವನು ಬರೆದಿರುವುದು ಸುಳ್ಳು. ಪತ್ತೆಹಚ್ಚಿದವನು ನಾನು. ನನ್ನ ವರದಿಯನ್ನು ಅವನು ತನ್ನ ಹೆಸರಿನಲ್ಲಿ ಒಪ್ಪಿಸಿದ. ಲೋಪವನ್ನು ಮುಚ್ಚಿಟ್ಟೆನೆಂಬ ಆರೋಪದ ಮೇಲೆ ನನ್ನ ಕೆಲಸ ಹೋಯಿತು.

ಅಂದು ನನ್ನ ಬಳಿ ಸಾಕ್ಷಿಯಿರಲಿಲ್ಲ; ಅವನು ಒಪ್ಪಿಸಿದ ಪ್ರತಿಯನ್ನು ನನಗೆ ಯಾರೂ ತೋರಿಸಲಿಲ್ಲ. ಈಗ ಅವನೇ ಆ ವರದಿಯನ್ನು ಅರ್ಜಿಗೆ ಲಗತ್ತಿಸಿದ್ದಾನೆ. ಏಳನೆಯ ಪುಟದಲ್ಲಿರುವ ಕಂಪ್ಯೂಟರ್ ಪರದೆಯ ಚಿತ್ರದಲ್ಲಿ, ಪರೀಕ್ಷೆಗೆಂದು ನಾನು ಸೃಷ್ಟಿಸಿದ್ದ ಕಾಲ್ಪನಿಕ ರೋಗಿಯ ವಿವರ ಹಾಗೆಯೇ ಉಳಿದಿದೆ: ಗುಬ್ಬಚ್ಚಿ, ವಯಸ್ಸು ಆರು. ಅದು ಮನೆಯಲ್ಲಿ ನನ್ನ ಮಗಳನ್ನು ಕರೆಯುವ ಹೆಸರು. ಜನ್ಮದಿನಾಂಕವೂ ಅವಳದೇ.

ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ.

"ಬಂದ್ನಾ ಕೊನೆಗೂ ಬೋನಿಗೆ? ಅರ್ಜಿ ಹರಿದು ಬಿಸಾಕಿ ಅತ್ಲಾಗೆ."

"ಹರಿದ್ರೆ ಯಾಕೆ ಅಂತ ಅವನಿಗೆ ಗೊತ್ತೇ ಆಗಲ್ಲ ಕಣೇ."

"ಒಂಬತ್ತು ವರ್ಷದಿಂದ ಹಲ್ಲು ಮಸೀತಾನೇ ಇದೀರಲ್ರೀ, ಇನ್ನೂ ಎಷ್ಟು ಚೂಪು ಮಾಡ್ತೀರಿ?"

ನಾನು ನಗಲಿಲ್ಲ. ಆದರೆ ಬಹಳ ದಿನಗಳ ಮೇಲೆ ಎರಡನೆಯ ಸಲ ಅನ್ನ ಬಡಿಸಿಕೊಂಡೆ. ಸೇಡಿಗೆ ಇಂಥ ಹಸಿವಿದೆಯೆಂದು ನನಗೆ ತಿಳಿದಿರಲಿಲ್ಲ, ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆಯ್ಕೆ ಸಮಿತಿಯಲ್ಲಿ ನಾನಿರುವುದು ಅವನಿಗೆ ತಿಳಿಯದು. ಅರ್ಜಿಯನ್ನು ನಾನು ತಿರಸ್ಕರಿಸುವುದಿಲ್ಲ. ಸಂದರ್ಶನಕ್ಕೆ ಕರೆಯಬೇಕೆಂದು ಬರೆದು ಸಹಿ ಹಾಕಿದ್ದೇನೆ. ಎಲ್ಲರ ಎದುರಿಗೆ, ಮೊದಲ ಪ್ರಶ್ನೆಯಾಗಿ, ಗುಬ್ಬಚ್ಚಿ ಯಾರೆಂದು ಕೇಳುತ್ತೇನೆ.